ಮೂಗು ಮುಚ್ಚಿಕೊಂಡು ಕೊಚ್ಚಿ ನೋಡಿದ್ದು

ಯಾವ ಮೆಣಸಿನ ಘಮಕ್ಕೆ ದೇಶದೇಶದ ಜನ ಹಡಗು ಹತ್ತಿ ಕೊಚ್ಚಿಗೆ ಬಂದರೋ, ಅದೇ ಘಮಕ್ಕೆ ಹೆದರಿ ಮೂಗು ಮುಚ್ಚಿಕೊಂಡು ಆ ಊರು ನೋಡಿದವರು ಒಬ್ಬರೇ. ನಮ್ಮ ದೊಡ್ಡಮ್ಮ!

ಕೆಂಚಾರ್ಲಹಳ್ಳಿಯ ದೊಡ್ಡಮ್ಮನದು ರೇಷ್ಮೆಹುಳು ಸಾಕುವ ಮನೆ. ಹುಳುವಿಗೆ ಘಾಟು ವಾಸನೆ ಆಗದು. ಹಾಗಾಗಿ ಅಲ್ಲಿ ಒಗ್ಗರಣೆ ಸಿಡಿಯುವುದು ಹಿತ್ತಲಲ್ಲಿ, ಊದುಬತ್ತಿ ಉರಿಯುವುದು ಬೀದಿಯಲ್ಲಿ. ಮದುವೆಗೆ ಕರೆಯಲು ಬಂದ ಬೀಗರು ಸೆಂಟು ಹಾಕಿಕೊಂಡಿದ್ದಾರೆಂದು ಬಚ್ಚಲಿಗೆ ಅಟ್ಟಿ ಸ್ನಾನ ಮಾಡಿಸಿದ ಮಹಾತಾಯಿ!

ಹುಳು ಬಿಟ್ಟು ಗಂಡ ಹೆಂಡತಿ ಒಟ್ಟಿಗೆ ಎಲ್ಲಿಗೂ ಹೋದವರಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಸ್ನೇಹಿತನ ಮದುವೆಗೆಂದು ಕೊಚ್ಚಿಗೆ ಹೊರಟ ನಾನು, ಇಬ್ಬರಲ್ಲಿ ಒಬ್ಬರಾದರೂ ಬನ್ನಿ ಎಂದೆ. ಸಮುದ್ರ ನೋಡುವ ಆಸೆ ಚಿಕ್ಕಂದಿನಿಂದ ಇದ್ದದ್ದು ದೊಡ್ಡಪ್ಪನಿಗೆ. ಆದರೂ ಅವರು ಹೆಂಡತಿಗೆ ಹೇಳಿದರು: "ಹುಳು ನಾನು ನೋಡ್ಕೋತೀನಿ. ನೀನು ಸಮುದ್ರ ನೋಡ್ಕೊಂಡು ಬಂದು, ಹೆಂಗಿತ್ತು ಅಂತ ನಂಗೆ ಹೇಳು."

ದಾರಿಯುದ್ದಕ್ಕೂ ದೊಡ್ಡಮ್ಮನಿಗೆ ಅದೇ ಚಿಂತೆ. ನೋಡುವುದೇನೋ ಸರಿ, ಹೇಳುವುದು ಹೇಗೆ?

ಹಳೆಯ ಬಂದರಿನ ಬೀದಿಯಲ್ಲಿ ಮೆಣಸು, ಶುಂಠಿ, ಲವಂಗದ ಮಂಡಿಗಳು. ದೊಡ್ಡಮ್ಮ ನನ್ನ ಕರವಸ್ತ್ರ ಕಿತ್ತು ಮೂಗಿಗೆ ಬಿಗಿದುಕೊಂಡು ಓಟ ಕಿತ್ತರು. ನನ್ನ ಕೈಯಲ್ಲಿ ಏಲಕ್ಕಿ ಪೊಟ್ಟಣ ಕಂಡಿದ್ದೇ, "ನೀನು ಬೇರೆ ಬಸ್ಸಲ್ಲಿ ಬಾರಪ್ಪ" ಎಂದರು.

ದಡದಲ್ಲಿ ದೊಡ್ಡ ಚೀನಾ ಬಲೆಯನ್ನು ಐದಾರು ಜನ ಜಗ್ಗಿ ಎತ್ತಿದರೆ ಬಂದದ್ದು ನಾಲ್ಕೇ ಮೀನು. ಪಾಪ, ಬೆಳೆ ಕೈಕೊಟ್ಟಿತು ಎಂದು ದೊಡ್ಡಮ್ಮ ಮರುಗಿದರು. ಹಿನ್ನೀರಿನ ದೋಣಿಯಲ್ಲಿ ಕೂತು ತೆಂಗು, ಕೊಕ್ಕರೆ ಎಲ್ಲ ಬಿಟ್ಟು ಹುಳುವಿನ ಮೇವು ಹಿಪ್ಪುನೇರಳೆ ಹುಡುಕಿದರು. ಇಷ್ಟು ನೀರಿದ್ದೂ ಒಂದು ಗಿಡ ಹಾಕಿಲ್ಲವಲ್ಲ! ಬೋರು ಕೊರೆಸಿ ನೀರಿಗೆ ಕಾಯುವ ನಮ್ಮ ಕಡೆಯವರಿಗೆ ಬೇಸರವಾಗದೆ ಇರುತ್ತದೆಯೇ?

ಸಮುದ್ರದ ಮುಂದೆ ಮಾತ್ರ ಕರವಸ್ತ್ರ ತಾನಾಗಿ ಇಳಿಯಿತು. ಮೂಗೆತ್ತಿ ಗಾಳಿಯನ್ನು ಎಳೆದೆಳೆದು ಮೂಸಿದರು. ಆಮೇಲೆ ನೀರಿಗಿಳಿದು, ಸೆರಗಿನ ತುದಿ ಅದ್ದಿ, ಹಿಂಡಿ, ಗಂಟು ಹಾಕಿಕೊಂಡರು.

ಊರಿಗೆ ಬಂದಿದ್ದೇ ನನ್ನನ್ನು ಬಚ್ಚಲಿಗೆ ಅಟ್ಟಿದರು. ತಾವು ಬೀದಿಯಲ್ಲೇ ನಿಂತು ದೊಡ್ಡಪ್ಪನನ್ನು ಕರೆದು, ಗಂಟು ಬಿಚ್ಚಿ ಅವರ ಮೂಗಿಗೆ ಹಿಡಿದರು.

"ನಂಗೆ ಹೇಳಕ್ಕೆ ಬರಲ್ಲ. ಮೂಸಿ ನೋಡಿ, ಹಿಂಗಿತ್ತು."

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಮೂಸಿದರು. ಬಚ್ಚಲಿಗೆ ಹೊರಟಿದ್ದ ನಾನು ಬಾಗಿಲಲ್ಲೇ ನಿಂತು ನೋಡಿದೆ.

ಆ ಸೀರೆಯನ್ನು ದೊಡ್ಡಮ್ಮ ಒಗೆಯಲೇ ಇಲ್ಲ. ಹುಳುವಿನ ಕೋಣೆಯಿಂದ ದೂರ, ಕೊಟ್ಟಿಗೆಯ ಗಳುವಿನ ಮೇಲೆ ಹಾಕಿಟ್ಟರು. ಅದನ್ನು ಮೂಸಿ ಬಂದಾಗಲೆಲ್ಲ ದೊಡ್ಡಪ್ಪ ತಕರಾರಿಲ್ಲದೆ ಇನ್ನೊಂದು ಸ್ನಾನ ಮಾಡುತ್ತಿದ್ದರು.