ಮಡಿಕೆ ಬಿದ್ದ ಬ್ಯಾಂಜೊ

ಸಂಗೀತಕ್ಕಾಗಿ ಮನೆ ಬಿಟ್ಟವರ ಕಥೆ ನೀವು ಕೇಳಿರಬಹುದು. ನಮ್ಮ ಸೋದರಮಾವ ಮನೆ ಬಿಡಲಿಲ್ಲ, ಮನೆಯ ಜರಡಿ ಬಿಚ್ಚಿದರು! ಜಾಲರಿ ಒಂದು ಕಡೆ, ಮರದ ಬಳೆ ಒಂದು ಕಡೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು, "ನಾಳೆ ಉಪ್ಪಿಟ್ಟಿಗೆ ರವೆ ಜೊತೆ ಹುಳಾನೂ ಹಾಕ್ಲಾ?" ಎಂದರು. ಮಾವ ಕೈಸನ್ನೆಯಲ್ಲೇ ಧಾರಾಳವಾಗಿ ಒಪ್ಪಿಗೆ ಕೊಟ್ಟರು.

ಸನ್ನೆ ಯಾಕೆಂದರೆ, ಅತ್ತೆಗೆ ಕಿವಿ ಮಂದ. ಎಂಬತ್ತರ ದಶಕದ ಶುರುವಿನಲ್ಲಿ ಬಂದ ಒಂದು ಜ್ವರ ಹೋಗುವಾಗ ಬರಿಗೈಲಿ ಹೋಗಲಿಲ್ಲ. ಅಲ್ಲಿಯವರೆಗೆ ವಿಜಯನಗರ ಬಡಾವಣೆಯ ಆ ಮನೆಯಲ್ಲಿ ರಂಗೋಲಿ ಹಾಕುವಾಗ ಶುರುವಾದ ಅತ್ತೆಯ ಹಾಡು ಒಗ್ಗರಣೆಯವರೆಗೂ ನಡೆಯುತ್ತಿತ್ತು. ಅದು ನಿಂತೇಹೋಯಿತು. "ಶ್ರುತಿನೇ ಕೇಳ್ಸಲ್ಲ, ಏನಂತ ಹಾಡ್ಲಿ?" ಎನ್ನುತ್ತಿದ್ದರು. ಅವರನ್ನು ಮತ್ತೆ ಹಾಡಿಸಬೇಕೆಂದು ಮಾವ ಶ್ರುತಿಪೆಟ್ಟಿಗೆ ಒತ್ತಿದರು, ರೇಡಿಯೊ ಕಿರುಚಿಸಿದರು. ಪಕ್ಕದ ಅತ್ತಿಗುಪ್ಪೆಯವರೆಗೂ ಕೇಳಿಸಿತು, ಅತ್ತೆಗೆ ಕೇಳಿಸಲಿಲ್ಲ.

ಆಗಲೇ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಮಾವನಿಗೊಂದು ವಿದೇಶಿ ಪತ್ರಿಕೆ ಸಿಕ್ಕಿತು. ಒಳಗೆ ಅಜ್ಜನ ಕಾಲದ ಐದು ತಂತಿಯ ಬ್ಯಾಂಜೊದ ಫೋಟೊ. ಚರ್ಮ ಬಿಗಿದ ದುಂಡು ಹೊಟ್ಟೆ, ಉದ್ದನೆಯ ಕತ್ತು. ನಾಲ್ಕು ತಂತಿಗಳನ್ನು ಬಿಗಿಯುವ ಬಿರಡೆ ತುದಿಯಲ್ಲಿ, ಗಿಡ್ಡಗಿರುವ ಐದನೆಯದರದು ಮಾತ್ರ ಕತ್ತಿನ ನಡುವೆ. ಆ ಗಿಡ್ಡ ತಂತಿ ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದು ಕೂರುತ್ತದಂತೆ, ಬಯಲಿನಾಚೆಗೂ ಕೇಳಿಸುತ್ತದಂತೆ! ಇನ್ನೇನು ಬೇಕು? ಅಂಗಡಿಗಳಲ್ಲಿ ಸಿಗದಿದ್ದರೇನು, ಮಾಡಿಸಿದರಾಯಿತು! ಮಾವ ಫೋಟೊದ ಹಾಳೆ ಹರಿದು ಮಡಿಸಿ ಜೇಬಿಗಿಟ್ಟು, ಜರಡಿಯ ಬಳೆಯನ್ನು ಹೆಗಲಿಗೇರಿಸಿ, ಕಾಮಾಕ್ಷಿಪಾಳ್ಯದ ಮರಗೆಲಸದ ಆಚಾರಿಯ ಬಳಿ ಹೋದರು.

ಆಚಾರಿ ಒಳ್ಳೆಯ ಕೆಲಸಗಾರ. ತೊಂದರೆಯೆಂದರೆ ಸ್ವಂತ ಬುದ್ಧಿಯೂ ಇತ್ತು. ಐದನೇ ಬಿರಡೆಯನ್ನೂ ತುದಿಗೆ ತಂದು, ಉಳಿದ ನಾಲ್ಕರ ಪಕ್ಕದಲ್ಲೇ ಕೂರಿಸಿದ್ದ.

"ಫೋಟೋದಲ್ಲಿ ಯಾರೋ ತಪ್ಪು ಮಾಡಿದ್ರು ಸಾರ್. ನಾನು ಸರಿ ಮಾಡ್ಬಿಟ್ಟೆ."

"ನೀವು ಯೋಚ್ನೆ ಮಾಡ್ಬೇಡಿ ಆಚಾರ್ರೇ!" ಮಾವ ಕೆಂಡವಾದರು. "ಫೋಟೋದಲ್ಲಿ ಏನೇನಿದ್ಯೋ ಅಷ್ಟೂ ಬರ್ಬೇಕು. ಒಂದು ಗೆರೆ ಹೆಚ್ಚಾಗ್ಬಾರ್ದು, ಒಂದು ಗೆರೆ ಕಮ್ಮಿ ಆಗ್ಬಾರ್ದು!"

ತಿಂಗಳಾದ ಮೇಲೆ ಹೊಸ ಕತ್ತು ತಯಾರಾಯಿತು. ಬಿರಡೆ ಸರಿಯಾದ ಜಾಗದಲ್ಲಿತ್ತು. ಜೊತೆಗೆ ಕತ್ತಿನ ಅಡ್ಡಕ್ಕೊಂದು ನೇರ ಗೀರು! ಮಾವನ ಜೇಬಿನಲ್ಲಿ ಫೋಟೊಗೆ ಬಿದ್ದ ಮಡಿಕೆಯನ್ನು ಆಚಾರಿ ಉಳಿ ಹಿಡಿದು ಅಚ್ಚುಕಟ್ಟಾಗಿ ಕೊರೆದಿದ್ದ. ಫೋಟೊ ಮೇಲೆ ಚೆಲ್ಲಿದ್ದ ಕಾಫಿಯ ಕಲೆಯನ್ನೂ ಬಿಡದೆ ಪಾಲಿಷ್‌ನಲ್ಲಿ ತಂದಿದ್ದ. "ನೀವೇ ಹೇಳಿದ್ರಲ್ಲ ಸಾರ್" ಎಂದ. ಮಾವ ಅದನ್ನೇ ಹೆಗಲಿಗೇರಿಸಿ ಮನೆಗೆ ತಂದರು.

ಚರ್ಮ ಬಿಗಿದುಕೊಟ್ಟವರು ಹೇರೋಹಳ್ಳಿಯ ತಮಟೆಯವರು. "ಬೆಂಕಿಗೆ ಕಾಯ್ಸಿ ಸ್ವಾಮಿ, ಆಮೇಲೆ ನೋಡಿ ಅದ್ರ ಸದ್ದು" ಎಂದಿದ್ದರು. ಭಾನುವಾರ ಬೆಳಗ್ಗೆ ಮಾವ ಗೇಟಿನ ಮುಂದೆ ಹುಲ್ಲಿಗೆ ಬೆಂಕಿ ಹಚ್ಚಿದರು. ಹೊಗೆ ಕಂಡದ್ದೇ ತಡ, ಎದುರುಮನೆ ಆಂಟಿ ಓಡಿಬಂದು ಒಂದು ಬಕೆಟ್ ನೀರು ಸುರಿದರು. ಬೆಂಕಿ, ಬ್ಯಾಂಜೊ, ಮಾವ, ಮೂವರಿಗೂ ಸಮಪಾಲು!

"ಅಯ್ಯೋ, ಮನೆಗೇ ಬೆಂಕಿ ಬಿತ್ತು ಅಂದ್ಕೊಂಡೆ ಕಣ್ರೀ!"

ಮೂರು ದಿನ ಬಿಸಿಲಿಗಿಟ್ಟ ಮೇಲೆ ಚರ್ಮ ಮತ್ತೆ ಬಿಗಿಯಾಯಿತು. ಮಾವ ನಡುಮನೆಯಲ್ಲಿ ಕೂತು ಮೀಟಿದರು. ಟಣ್! ಬೀದಿನಾಯಿ ಎದ್ದು ಓಡಿತು, ಎದುರುಮನೆಯ ಕಿಟಕಿ ಮುಚ್ಚಿಕೊಂಡಿತು. ಅಕ್ಕಿ ಆರಿಸುತ್ತಿದ್ದ ಅತ್ತೆ ಮಾತ್ರ ತಲೆ ಎತ್ತಲಿಲ್ಲ. ಮಾವ ಇನ್ನೂ ಜೋರಾಗಿ ಮೀಟಿದರು. ಊಹೂಂ. ನಗಲೆಂದೇ ಬಂದು ಕೂತಿದ್ದ ನಾನು ಅವರ ಮುಖ ನೋಡಿ, ತಲೆ ತಗ್ಗಿಸಿ ಅತ್ತೆಯ ಜೊತೆ ಅಕ್ಕಿ ಆರಿಸತೊಡಗಿದೆ.

ಮಾವ ಎದ್ದು ಬ್ಯಾಂಜೊವನ್ನು ಗೋಡೆಗೊರಗಿಸಲು ಹೋದಾಗ ಅತ್ತೆ ತಲೆ ಎತ್ತಿದರು. "ತನ್ನಿ ಇಲ್ಲಿ. ನನ್ನ ಜರಡಿ ಏನ್ ಗತಿ ಆಗಿದೆ ನೋಡೋಣ." ಮಾವನ ಕೈಲಿದ್ದ ಹಾಗೆಯೇ ಎಳೆದುಕೊಂಡು, ಚರ್ಮದ ವಾಸನೆ ಹೋಗಿದೆಯೇ ಎಂದು ಮೂಗಿನ ಹತ್ತಿರ ತಂದರು. ಬಳೆ ಅವರ ದವಡೆಗೆ ತಾಗಿತು. ಅದೇ ಹೊತ್ತಿಗೆ ಮಾವನ ಹೆಬ್ಬೆರಳು ಐದನೇ ತಂತಿಗೆ ತಗುಲಿತು.

ಅತ್ತೆ ಕದಲಲಿಲ್ಲ. ಬಳೆಯನ್ನು ದವಡೆಗೆ ಇನ್ನಷ್ಟು ಒತ್ತಿಕೊಂಡು, "ಇನ್ನೊಂದ್ಸಲ" ಎಂದರು. ಮಾವ ಮೀಟಿದರು, ಮೀಟುತ್ತಲೇ ಇದ್ದರು. ಅತ್ತೆ ಕಣ್ಣು ಮುಚ್ಚಿಕೊಂಡು, "ದವಡೆ ಮೂಳೇಲಿ ಕೇಳಿಸ್ತಿದೆ ಕಣ್ರೀ" ಎಂದರು.

"ಶ್ರುತಿ ಸ್ವಲ್ಪ ಇಳ್ಸಿ. ಅಷ್ಟು ಮೇಲಕ್ಕೆ ನನ್ ಗಂಟಲು ಹೋಗಲ್ಲ."

ಒಂದು ಬಿರಡೆಗಾಗಿ ಆಚಾರಿಯ ಜೊತೆ ಅಷ್ಟು ಜಗಳವಾಡಿದ್ದ ಮಾವನಿಗೆ, ಕಣ್ಣು ತುಂಬಿ ಆ ಬಿರಡೆಯೇ ಕಾಣಲಿಲ್ಲ. ನಾನೇ ತಿರುವಿದೆ. ಅತ್ತೆ ಹಾಡಿದರು.