ಅತ್ತೆ ಬಂದರೆ ಸಮತೋಲನ

“ಹುಡುಗ್ರ ಮುಂದ ಹೇಳಾಕ ನಿಮಗ ನಾನೇ ಸಿಕ್ಕಿದ್ನೇನ್ರೀ? ಊರಾಗ ಬ್ಯಾರೆ ಯಾರೂ ಇದ್ದಿಲ್ಲೇನು?”

ಭಾಗ್ಯ ಸೀರೆಗಳನ್ನು ಬ್ಯಾಗಿಗೆ ತುರುಕುತ್ತಿದ್ದಳು. ಅವಳ ಗಂಡ ಗುರುಬಸವರಾಜ, ಹರಪನಹಳ್ಳಿಯ ಪಿಯು ಕಾಲೇಜಿನ ಕೆಮಿಸ್ಟ್ರಿ ಲೆಕ್ಚರರ್, ಬಾಗಿಲಿಗೆ ಅಡ್ಡ ನಿಂತಿದ್ದ. ಇಡೀ ತರಗತಿಯನ್ನು ಒಂದು ಗದರಿಕೆಯಲ್ಲಿ ಕೂರಿಸುವ ಗಂಡಸು ಮನೆಯಲ್ಲಿ ಒಂದು ಬ್ಯಾಗಿನ ಮುಂದೆ ಸೋತು ಸುಣ್ಣವಾಗಿದ್ದ.

“ನಿನ್ನ ಹೆಸರು ಹೇಳಿಲ್ಲ ಮಾರಾಯ್ತಿ. ಒಂದು ಮನಿ, ಒಬ್ಬಾಕಿ ಸೊಸಿ ಅಂದೆ, ಅಷ್ಟ.”

“ಸೊಸಿ ತವರುಮನಿ ಹಲವಾಗಲು, ಅತ್ತಿ ಊರು ಬಾಗಳಿ ಅಂತನೂ ಹೇಳೀರಂತಲ್ಲ! ಗಿರಣ್ಯಾಗ ಬಾಜೂಮನಿ ಉಚ್ಚಂಗೆಮ್ಮ ಕೇಳಿದ್ಲು, ‘ಇವತ್ತ ಅತ್ತಿ ಬರ್ತಾಳಂತ, ನೀ ಎಷ್ಟೊತ್ತಿಗೆ ಹೊಂಟಿ?’ ಅಂತ. ಆಕಿ ಮಗಳು ಅರ್ಚನಾ ನಿಮ್ಮ ಕ್ಲಾಸಿನಾಗ ಅದಾಳ. ನಾಚಿಕಿಗೆ ಹಿಟ್ಟು ಅಲ್ಲೇ ಬಿಟ್ಟು ಬಂದೀನಿ.”

ಪಾಪ, ಅವನು ಮಾಡಿದ್ದಾದರೂ ಏನು? ರಾಸಾಯನಿಕ ಸಮತೋಲನದ ಪಾಠ ಯಾವ ವರ್ಷವೂ ಹುಡುಗರ ತಲೆಗೆ ಹತ್ತುತ್ತಿರಲಿಲ್ಲ. ಈ ಸಲ ಮನೆಯ ಉದಾಹರಣೆ ಕೊಟ್ಟ. ಹತ್ತಿತು. ಸ್ವಲ್ಪ ಜಾಸ್ತಿಯೇ ಹತ್ತಿತು.

“ಕೇಳಿಲ್ಲಿ. ಮುಚ್ಚಿದ ಪಾತ್ರ್ಯಾಗ ಗ್ಯಾಸ್ ಇರ್ತಾವ. ಒತ್ತಡ ಹೆಚ್ಚು ಮಾಡಿದ್ರ ಅಣು ಕಡಿಮಿ ಆಗೋ ಕಡೆ ಸರೀತಾವ. ಒತ್ತಡ ತಗ್ಗತೈತಿ. ಇದು ಕೆಮಿಸ್ಟ್ರಿ.”

“ಅತ್ತಿ ಬಂದ್ರ ಸೊಸಿ ತವರಿಗೆ ಓಡ್ತಾಳ, ಮನಿ ತಣ್ಣಗಾಗ್ತೈತಿ. ಇದೂ ಕೆಮಿಸ್ಟ್ರೀನಾ?”

“ಖರೇ ಅಲ್ಲೇನು ಮತ್ತ?”

ಬಾಯಿ ತಪ್ಪಿ ಬಂದುಬಿಟ್ಟಿತು. ಭಾಗ್ಯ ಬ್ಯಾಗಿನ ಜಿಪ್ಪು ಸರ್ರನೆ ಎಳೆದಳು.

ಅವಳು ಊರಿಗೆ ಹೋದರೆ ಗುರುಬಸವರಾಜನಿಗೆ ಚಹಾ ಕೂಡ ರುಚಿಸುತ್ತಿರಲಿಲ್ಲ. ನೀನಿಲ್ಲದಿದ್ದರೆ ಮನೆ ಬೇಸರ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅದು ಬಾಯಿಗೆ ಬಾರದೆ ಅವನು ಪಾಠ ಹೇಳುತ್ತಿದ್ದ.

“ಹೋಗಬ್ಯಾಡ ಭಾಗ್ಯಾ. ನೀ ಹೋದ್ರ ಉದಾಹರಣಿ ಖರೇ ಆಗ್ತೈತಿ. ಗಿರಣಿ ತುಂಬ ನಗ್ತಾರ.”

ಬ್ಯಾಗು ಎತ್ತಲು ಹೋದ ಭಾಗ್ಯಳ ಕೈ ನಿಂತಿತು. ಅಷ್ಟರಲ್ಲಿ ಕಂಕುಳಲ್ಲಿ ರೊಟ್ಟಿಗಂಟು ಇಟ್ಟುಕೊಂಡು ಅವನ ತಾಯಿ ಕೊಟ್ರಮ್ಮ ಒಳಗೆ ಬಂದಳು.

“ಬಸ್ಯಾ, ಬಸ್ಸಿನಾಗ ನಿನ್ನ ಕಾಲೇಜಿನಾಗ ಓದೋ ನಮ್ಮೂರ ಹುಡುಗೀರು ಎದ್ದು ಸೀಟು ಕೊಟ್ರಪ್ಪ. ‘ಕುಂದರ್ರಿ ಅಜ್ಜಿ, ಸರ್ ಹೇಳಿದ ಒತ್ತಡ ನೀವೇ ಅಲ್ಲೇನ್ರಿ?’ ಅಂದ್ರು. ಒತ್ತಡ ಅಂದ್ರ ಏನೋ?”

ಗುರುಬಸವರಾಜ ಹೆಂಡತಿಯತ್ತ ನೋಡಿ ಕಣ್ಣಲ್ಲೇ ಕೈಮುಗಿದ.

“ನಾ ಹೇಳ್ತೀನಿ ಬರ್ರಿ ಅತ್ತಿ,” ಎಂದಳು ಭಾಗ್ಯ. ನೀರು ಕೊಟ್ಟು, ಒಂದಕ್ಷರ ಬಿಡದೆ ಹೇಳಿದಳು.

“ನಾ ಬಂದ್ರ ನಿನಗ ಒತ್ತಡ ಆಗ್ತೈತೇನಲೇ? ಒಂಬತ್ತು ತಿಂಗಳು ಹೊಟ್ಟ್ಯಾಗ ಇಟ್ಕೊಂಡಿದ್ನಲ್ಲ, ನನಗಾದ ಒತ್ತಡ ನಾ ಯಾರ ಮುಂದ ಹೇಳಿದೆ?”

“ಯವ್ವಾ, ಅದು ಬರೇ ಉದಾಹರಣಿ.”

“ನಂದೂ ಉದಾಹರಣೀನ. ಭಾಗ್ಯಾ, ಬ್ಯಾಗು ಬಿಚ್ಚವ್ವ. ಈ ಸಲ ನೀ ಎಲ್ಲಿಗೂ ಹೋಗೂದಿಲ್ಲ.”

ಗುರುಬಸವರಾಜನಿಗೆ ಹೋದ ಜೀವ ಬಂದಂತಾಯಿತು. ಭಾಗ್ಯ ಸೀರೆಗಳನ್ನು ತೆಗೆದಳು. ಆ ಜಾಗಕ್ಕೆ ಅವನ ಲುಂಗಿ, ಟವೆಲ್ಲು ಇಟ್ಟಳು.

“ಇದೇನು?”

“ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ‘ಇವತ್ತ ಬರ್ತೀನಿ’ ಅಂತ ನಮ್ಮಪ್ಪಗ ಹೇಳೀನ್ರಿ. ಯಾರಾದ್ರೂ ಒಬ್ರು ಹೋಗ್ಲೇಬೇಕಲ್ಲ? ಅಣು ಕಡಿಮಿ ಆದಂಗೂ ಆತು.”

“ನಾಳೆ ಭಾನುವಾರ, ಕಾಲೇಜಿಲ್ಲ. ಹೋಗಿ ಬಾ,” ಎಂದಳು ತಾಯಿ.

ಅಂಗಳಕ್ಕೆ ಇಳಿದಾಗ ಒಳಗಿನಿಂದ ಅತ್ತೆ ಸೊಸೆ ಕೂಡಿ ನಗುವ ಸದ್ದು ಕೇಳಿತು. ಮದುವೆಯಾದಾಗಿನಿಂದ ಅದನ್ನು ಕೇಳಲು ಆಸೆಪಟ್ಟವನೇ ಅವನು. ಸಂತೋಷವೇನೋ ಆಯಿತು, ಬ್ಯಾಗು ಮಾತ್ರ ಭಾರವಾಗಿತ್ತು.

ಗೋಡೆಯಾಚೆಯಿಂದ ಉಚ್ಚಂಗೆಮ್ಮ ಇಣುಕಿದಳು.

“ಏನ್ರಿ ಸರ್, ಬ್ಯಾಗು ನಿಮ್ಮ ಕೈಯಾಗ?”

“ಅರ್ಚನಾಗ ಹೇಳ್ರೆವ್ವಾ, ಆ ಉದಾಹರಣಿ ಹೊಡದುಹಾಕು ಅಂತ. ಪ್ರಯೋಗ ಮಾಡಿ ನೋಡಿದೆ, ಉತ್ತರ ಬ್ಯಾರೆ ಬಂತು.”