ಗಟ್ಟಿಮೇಳ ಒಸಿ ಮುಂಚೆ

ಮುಟ್ಟಬೇಡಿ ಎಂದು ಬರೆದಿರುವುದನ್ನು ಮುಟ್ಟದೆ ಇರುವುದು ನನ್ನಿಂದ ಈವರೆಗೆ ಸಾಧ್ಯವಾಗಿಲ್ಲ. ಮುಟ್ಟಿದರೆ ಏನಾಗುತ್ತದೆಂದು ತಿಳಿಯದೆ ಮನುಷ್ಯ ನಿದ್ದೆ ಮಾಡುವುದಾದರೂ ಹೇಗೆ? ಹೊಸ ಮಿಕ್ಸಿ ಬಂದ ದಿನವೇ ಅದರ ತಳ ಬಿಚ್ಚಿ ನೋಡಿದ್ದೆ. ಆಮೇಲೆ ಅದು ಚಟ್ನಿ ರುಬ್ಬುವುದಕ್ಕಿಂತ ಹೆಚ್ಚಾಗಿ ಅಡುಗೆ ಕಟ್ಟೆಯ ಮೇಲೆ ನಡೆದಾಡತೊಡಗಿತು. ಬಿಡದಿಯ ಕಾರ್ಖಾನೆಯೊಂದರಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಅಲ್ಲಿ ಹೊಸ ಯಂತ್ರ ಬಂದಿಳಿದರೆ ಸೂಪರ್‌ವೈಸರ್ ಮೊದಲು ಮಾಡುವ ಕೆಲಸವೆಂದರೆ ನನ್ನನ್ನು ಟೀ ಕುಡಿಯಲು ಕಳಿಸುವುದು. ಇಂಥ ನಾನು ರಾಮನಗರದ ಮನೆಗೆ ಕಂಪ್ಯೂಟರ್ ತಂದಾಗ ನನ್ನ ಹೆಂಡತಿ ಪದ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, "ಪಾಪ" ಎಂದಳು.

ಆಗ ಕ್ಯಾಸೆಟ್ಟುಗಳ ಕಾಲ ಮುಗಿದು ಸಿ.ಡಿ.ಗಳ ಕಾಲ ಬಂದಿತ್ತು. ನನ್ನ ತಂಗಿ ಸಾವಿತ್ರಿಯ ಮದುವೆ ಹಿಂದಿನ ವರ್ಷವಷ್ಟೇ ಕೆಂಗಲ್ಲಿನ ಛತ್ರದಲ್ಲಿ ಆಗಿತ್ತು. ಅವಳ ಗಂಡನ ಮನೆ ಮಾಗಡಿ ಕಡೆ. ಅಲ್ಲಿ ಸಿ.ಡಿ. ಪ್ಲೇಯರ್ ಕೊಂಡರೆಂದು ಮದುವೆಯ ವಿಡಿಯೊ ಕ್ಯಾಸೆಟ್ ನನ್ನ ಕೈಗೆ ಬಂತು. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ.ಗೆ ಬದಲಾಯಿಸುವ ಸಾಫ್ಟ್‌ವೇರ್ ತೆರೆದರೆ, ಆಹಾ, ಎಷ್ಟೊಂದು ಚೌಕಗಳು! ಶಬ್ದ ಒಂದೇ ಕಡೆಯಿಂದ ಬರಬೇಕೋ ಎರಡೂ ಕಡೆಯಿಂದಲೋ, ತೆಳುವಾಗಿರಬೇಕೋ ದಪ್ಪಗಿರಬೇಕೋ, ಎಲ್ಲವನ್ನೂ ಅದು ನನ್ನನ್ನೇ ಕೇಳುತ್ತಿತ್ತು. ಮನೆಯಲ್ಲಿ ಯಾರೂ ನನ್ನನ್ನು ಅಷ್ಟು ಕೇಳಿದ್ದಿಲ್ಲ. ಕೊನೆಯಲ್ಲಿ 'ಆಡಿಯೊ ಡಿಲೇ' ಎಂಬ ಚೌಕ, ಅದರೊಳಗೆ ಒಂದು ಸೊನ್ನೆ. ಶಬ್ದವನ್ನು ಚಿತ್ರಕ್ಕಿಂತ ಹಿಂದೆ ಮುಂದೆ ಮಾಡುವ ಜಾಗವದು. ಸೊನ್ನೆ ಕಂಡರೆ ನನಗೆ ಖಾಲಿ ಬಸ್ಸಿನ ಸೀಟು ಕಂಡ ಹಾಗೆ, ಟವೆಲ್ ಹಾಕದೆ ಇರಲಾಗುವುದಿಲ್ಲ. ಒಂದು ಮೈನಸ್ ಒತ್ತಿ, ಮುಂದೆ ಯಾವುದೋ ಅಂಕಿ ಹೊಡೆದೆ. ಶುರುವಿನ ಚಪ್ಪರದ ದೃಶ್ಯವನ್ನಷ್ಟೇ ನೋಡಿ, ಚೆನ್ನಾಗಿದೆ ಎಂದುಕೊಂಡು ಸಿ.ಡಿ. ಕಳಿಸಿಬಿಟ್ಟೆ.

ವಾರ ಕಳೆಯುವಷ್ಟರಲ್ಲಿ ಸಾವಿತ್ರಿಯ ಫೋನು. "ಅಣ್ಣಾ, ಏನ್ ಮಾಡ್ಬುಟ್ಟೆ? ತಾಳಿ ಇನ್ನೂ ತಟ್ಟೇಲಿ ಐತೆ, ಎಲ್ರೂ ಮುಟ್ಟಿ ನಮಸ್ಕಾರ ಮಾಡ್ತಾವ್ರೆ, ಆಗ್ಲೇ ಗಟ್ಟಿಮೇಳ ಬಾರ್ಸ್ಬುಟ್ಟವ್ರೆ! ಇವ್ರು ತಾಳಿ ಕಟ್ಟೋ ಹೊತ್ಗೆ ವಾಲಗವೇ ಇಲ್ಲ. ಮುಹೂರ್ತ ಮೀರೋಗೈತೆ, ಅದ್ಕೇ ನನ್ ಮಗ ಮಾತೆತ್ತಿದ್ರೆ ಸಿಡುಕ್ತಾನೆ ಅಂತಾರೆ ಅತ್ತೆ. ನೆಂಟರನ್ನೆಲ್ಲ ಕರ್ದು ಇನ್ನೊಂದ್ಸಲ ತಾಳಿ ಕಟ್ಟಿಸ್ತಾರಂತೆ." ಅವಳಿಗೆ ಅಳು ಬಂತು. "ಊರೋರ ಮುಂದೆ ನಾನು ಹೆಂಗಣ್ಣ ತಲೆ ಎತ್ಕೊಂಡು ಓಡಾಡ್ಲಿ?" ನಾನು ಅವಸರವಾಗಿ, "ಅದು ಕಂಪ್ಯೂಟರ್ ತಪ್ಪು ಕಣವ್ವ, ಮುಹೂರ್ತದ್ದಲ್ಲ. ಸರಿಯಾದ ಸಿ.ಡಿ. ನಾನೇ ತತ್ತೀನಿ" ಎಂದೆ.

ಸರಿಯಾದದ್ದು ಯಾವುದು ಎಂದು ತಿಳಿಯುವುದು ಹೇಗೆ? ನಮ್ಮ ಮಾವ ತೆಂಗಿನಕಾಯಿ ಒಡೆಯುವ ದೃಶ್ಯ ಹುಡುಕಿದೆ. ಕಾಯಿ ಕಲ್ಲಿಗೆ ತಗುಲುವುದೂ ಚಟ್ ಎನ್ನುವುದೂ ಕೂಡಿಬರುವವರೆಗೆ ಅಂಕಿ ಬದಲಾಯಿಸಿದೆ. ಕೂಡಿಬಂತು. ಗೆದ್ದೆನೆಂದು ಪದ್ಮಳನ್ನು ಕರೆದು ಮಾಂಗಲ್ಯಧಾರಣೆ ಹಾಕಿದೆ.

ಗಟ್ಟಿಮೇಳ ಆಗಲೂ ಮುಂಚೆಯೇ ಬಂತು! ತಾಳಿ ಆಗಷ್ಟೇ ಭಾವನ ಕೈಗೆ ಬಂದಿತ್ತು. ಕುತೂಹಲ ತಡೆಯಲಾರದೆ ನಿಧಾನವಾಗಿ ಮತ್ತೆ ಓಡಿಸಿದೆ. ಪುರೋಹಿತರು ಇನ್ನೂ ಮಂತ್ರ ಹೇಳುತ್ತಿದ್ದಾರೆ, ಕೈ ಎತ್ತಿಲ್ಲ. ಆದರೆ ಪರದೆಯ ಎಡಮೂಲೆಯಲ್ಲಿ ರೇಷ್ಮೆ ಶಲ್ಯದ ಒಬ್ಬ ಮಹಾನುಭಾವ ವಾಲಗದವರ ಕಡೆ ತಿರುಗಿ, ತೋರುಬೆರಳೆತ್ತಿ ಅಲ್ಲಾಡಿಸುತ್ತಾ, "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗುತ್ತಿದ್ದಾನೆ. ಪುರೋಹಿತರು ಅವನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಆ ಮಹಾನುಭಾವನನ್ನು ನಾನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ.

"ಸುಮ್ನೆ ಕೂತಿದ್ದ ವಾಲಗದೋರನ್ನೂ ಮುಟ್ಟಿ ನೋಡಿದ್ರಾ?" ಎಂದಳು ಪದ್ಮ.

ಸತ್ಯ ಕಳಿಸಿದರೆ ತಂಗಿಗೆ ಎರಡನೆಯ ತಾಳಿ ಗ್ಯಾರಂಟಿ. ಅದೊಂದು ತುಂಡಿಗೆ ಮಾತ್ರ ಶಬ್ದವನ್ನು ಹಿಂದಕ್ಕೆ ತಳ್ಳಿದೆ. ಭಾವ ಗಂಟು ಹಾಕುವುದಕ್ಕೂ ಗಟ್ಟಿಮೇಳ ಮೊಳಗುವುದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಆದರೆ ಮೂಲೆಯಲ್ಲಿ ನಾನು ಸದ್ದಿಲ್ಲದೆ ಬಾಯಿ ತೆರೆದು ಬೆರಳಾಡಿಸುತ್ತಿದ್ದೆ, ನನ್ನ ದನಿ ಮಾತ್ರ ಬಾಯಿ ಮುಚ್ಚಿದ ಮೇಲೆ ಬರುತ್ತಿತ್ತು. "ಇದನ್ನ ಮರೆ ಮಾಡೋಕೆ ಏನೂ ಇಲ್ವಾ?" ಎಂದು ಪದ್ಮ ಕೇಳಿದಾಗಲೇ ಸಬ್‌ಟೈಟಲ್ ಚೌಕದ ನೆನಪಾದದ್ದು. ಕೆಳಗೆ ಅಕ್ಷರ ಮೂಡಿಸುವ ಸೌಲಭ್ಯ ಅದು. ಕನ್ನಡ ಬರೆದರೆ ಮೊದಲು ಬರೀ ಖಾಲಿ ಡಬ್ಬಿಗಳು ಬಂದವು. ಫಾಂಟ್ ಬದಲಿಸಿದೆ, ಅಕ್ಷರ ದಪ್ಪ ಮಾಡಿದೆ, ಕೆಳಗಿನಿಂದ ಎಡಮೂಲೆಗೆ ಸರಿಸಿದೆ. 'ಶುಭ ಮುಹೂರ್ತದಲ್ಲಿ ಮಾಂಗಲ್ಯಧಾರಣೆ' ಎಂಬ ಬಂಗಾರ ಬಣ್ಣದ ಅಕ್ಷರಗಳ ಹಿಂದೆ ಶಲ್ಯ, ಬೆರಳು, ಬಾಯಿ ಸಮೇತ ನಾನು ಮಾಯವಾದೆ.

ಭಾನುವಾರ ನಾವಿಬ್ಬರೂ ಸಿ.ಡಿ. ಹಿಡಿದು ಮಾಗಡಿ ಕಡೆ ಹೊರಟೆವು. ತಂಗಿಯ ಅತ್ತೆ ಟಿ.ವಿ. ಮುಂದೆ ಚಾಪೆ ಹಾಕಿಸಿ ಕೂತರು. ಸಾವಿತ್ರಿ ಬಾಗಿಲಿಗೆ ಒರಗಿ ಸೆರಗಿನ ತುದಿ ಹಿಂಡುತ್ತಿದ್ದಳು. ಭಾವ ಗಂಟು ಹಾಕಿದ, ಗಟ್ಟಿಮೇಳ ಮೊಳಗಿತು, ಬಂಗಾರದ ಅಕ್ಷರ ಬೆಳಗಿತು. ಅತ್ತೆ ಕಣ್ಣೊರೆಸಿಕೊಂಡು, "ಎಲ್ಲಾ ಸರ್ಯಾಗೇ ಐತೆ ಕಣವ್ವ. ನಾನೇ ಸುಮ್ಕೆ ನಿನ್ ಮನ್ಸು ನೋಯಿಸ್ಬುಟ್ಟೆ" ಎಂದು ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ನನ್ನ ಜೀವ ತಣ್ಣಗಾಯಿತು. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು.

"ಅಲ್ಲಾ ಬೀಗ್ರೇ, ಎಲ್ರೂ ಕಾಣ್ತಾವ್ರೆ, ನೀವೇ ಕಾಣಾಕಿಲ್ವಲ್ಲ? ಒಡಹುಟ್ಟಿದ ತಂಗಿಗೆ ತಾಳಿ ಕಟ್ಟೋ ಹೊತ್ನಲ್ಲಿ ಎಲ್ಲೋಗ್ಬುಟ್ಟಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಪದ್ಮ, "ಊಟದ ಮನೇಲಿದ್ರು ಅಮ್ಮಾ, ಪಾಯಸ ಹೆಂಗೈತೆ ಅಂತ ನೋಡ್ತಿದ್ರು" ಎಂದುಬಿಟ್ಟಳು. ಅಂದಿನಿಂದ ಆ ಕಡೆಯ ನೆಂಟರಿಗೆಲ್ಲ ನಾನು ತಂಗಿಯ ಮುಹೂರ್ತ ಬಿಟ್ಟು ಪಾಯಸಕ್ಕೆ ಕೂತವನು. ಅಕ್ಷರಗಳ ಹಿಂದೆ ನಿಂತಿರುವವನು ನಾನೇ ಎಂದು ಹೇಳಲು ಒಮ್ಮೊಮ್ಮೆ ನಾಲಿಗೆ ತುದಿಯವರೆಗೂ ಬರುತ್ತದೆ. ಸಾವಿತ್ರಿಯ ಮುಖ ನೋಡಿ, ಪಾಯಸ ಚೆನ್ನಾಗಿತ್ತು ಎನ್ನುತ್ತೇನೆ.